ನೂರು ಕುರಿ, ಎರಡು ಟಗರು



2024ರ ಜನವರಿ 31ರಂದು, ಈ ತಂಬ್ರಹಳ್ಳಿ ಇರುವ ನಮ್ಮ ತಾಲ್ಲೂಕಿನ ಅಂಕಸಮುದ್ರ ರಾಮ್ಸರ್ ಪಟ್ಟಿ ಸೇರಿದ ಸುದ್ದಿ ಬಂತು. ಜಗತ್ತಿನ ಮಹತ್ವದ ಜೌಗು ತಾಣಗಳ ಪಟ್ಟಿ ಅದು. ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆಗಳ ಪಂಕ್ತಿಯಲ್ಲಿ, ನೂರು ಹೆಕ್ಟೇರಿಗೂ ಚೂರು ಕಡಿಮೆ ಇರುವ ನಮ್ಮ ಜಾಲಿ ಮರಗಳ ಕೆರೆಯೂ ಕೂತಿತು. ಅಲ್ಲಿಗೆ ಬಂದವರೆಲ್ಲ ಮೊದಲು ಕೇಳುವುದು ಒಂದೇ ಮಾತು: ಹಕ್ಕಿ ಎಷ್ಟಿವೆ? ಮೂವತ್ತು ಸಾವಿರ ನೀರುಹಕ್ಕಿ ಎಂಬ ಉತ್ತರ ಸಿದ್ಧವಾಗಿದೆ. ಕೇಳಿದವರು ತೃಪ್ತಿಯಿಂದ ಫೋಟೊ ತೆಗೆದುಕೊಂಡು ಹೋಗುತ್ತಾರೆ.

ತಲೆ ಎಣಿಸುವುದು ಬೇಡ ಎಂದು ನಾನು ಹೇಳಲಾರೆ. ಎಣಿಸದಿದ್ದರೆ ಅಂಕಸಮುದ್ರ ಆ ಪಟ್ಟಿಗೆ ಹೋಗುತ್ತಲೇ ಇರಲಿಲ್ಲ. ಆದರೆ ಎಣಿಕೆಗೆ ಸಿಗದ ಒಂದು ಸಂಗತಿ ಇದೆ. ಆ ತಲೆಗಳ ಹಿಂದೆ ಎಷ್ಟು ತಂದೆಗಳಿದ್ದಾರೆ, ಎಷ್ಟು ತಾಯಂದಿರಿದ್ದಾರೆ, ಅವರೊಳಗೆ ಎಷ್ಟು ಬಗೆ ಉಳಿದಿದೆ ಎಂಬುದು. ಇವತ್ತಿನ ಉಪನ್ಯಾಸ ಅದರ ಕುರಿತು. ಕಾಡುಪ್ರಾಣಿಗಿಂತ ಮೊದಲು ಹಟ್ಟಿಯ ಕುರಿ, ತೋಟದ ದಾಳಿಂಬೆ, ಹೊಲದ ಸಜ್ಜೆಯ ಮಾತು ಬರುತ್ತದೆ. ಸಂರಕ್ಷಣೆ ಎಂದರೆ ಹುಲಿ, ಆನೆ ಎಂದುಕೊಂಡು ಬಂದವರು ಸ್ವಲ್ಪ ತಾಳಬೇಕು.

ಒಂದೇ ಹೊಲದ ಜವಾರಿ ಜೋಳವನ್ನು ನೋಡಿ. ಒಂದು ತೆನೆ ಬಿಗಿ, ಒಂದು ಸಡಿಲ. ಮಳೆ ಹಿಂದೆ ಬಿದ್ದರೆ ಒಂದು ಗಿಡ ತಡೆದುಕೊಳ್ಳುತ್ತದೆ, ಪಕ್ಕದ್ದು ಬಾಡುತ್ತದೆ. ಈ ವ್ಯತ್ಯಾಸದಲ್ಲಿ ಗೊಬ್ಬರ, ತೇವ, ಮಣ್ಣಿನಿಂದ ಬಂದ ಪಾಲು ಆ ಗಿಡದೊಂದಿಗೇ ಮುಗಿಯುತ್ತದೆ. ಜೀನುಗಳಿಂದ ಬಂದ ಪಾಲು ಬೀಜದೊಳಗೆ ಸೇರಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಹೀಗೆ ದಾಟಿ ಹೋಗುವ ವ್ಯತ್ಯಾಸಗಳೆಲ್ಲ ಕೂಡಿ ಆ ತಳಿಯ ವೈವಿಧ್ಯ. ಹೊಸ ರೋಗವೋ ಹೊಸ ಬರವೋ ಬಂದಾಗ ತಡೆಯುವ ಒಂದು ಬಗೆ ಈ ವ್ಯತ್ಯಾಸಗಳೊಳಗೆ ಮೊದಲೇ ಇದ್ದರೆ ತಳಿ ಬದುಕುತ್ತದೆ. ಬೇಕಾದಾಗ ಹುಟ್ಟಿಸಿಕೊಳ್ಳುತ್ತೇವೆ ಎಂದರೆ ಆಗುವುದಿಲ್ಲ.

ಈಗ ಕುರಿಯ ಲೆಕ್ಕ. ನೂರು ಕುರಿ, ಎರಡು ಬೀಜದ ಟಗರು ಇರುವ ಹಿಂಡು ನಮ್ಮ ಕಡೆ ಸಾಮಾನ್ಯ. ಉಳಿದ ಟಗರುಮರಿಗಳನ್ನು ಸಂತೆಗೆ ಹೊಡೆಯುತ್ತೇವೆ. ಸರ್ಕಾರದ ಜಾನುವಾರು ಗಣತಿಯಲ್ಲಿ ಇದು 102 ತಲೆ. ಅಮೆರಿಕದ ತಳಿವಿಜ್ಞಾನಿ ಸ್ಯೂವಲ್ ರೈಟ್ 1931ರಲ್ಲಿ ಬೇರೊಂದು ಲೆಕ್ಕ ಕೊಟ್ಟರು. ಗಂಡಿನ ಸಂಖ್ಯೆಯನ್ನು ಹೆಣ್ಣಿನ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ, ಗಂಡು ಹೆಣ್ಣು ಕೂಡಿದ ಮೊತ್ತದಿಂದ ಭಾಗಿಸಬೇಕು. ಎರಡು ನೂರಲೇ ಇನ್ನೂರು, ಇನ್ನೂರು ನಾಲ್ಕಲೇ ಎಂಟುನೂರು, ಅದನ್ನು 102ರಿಂದ ಭಾಗಿಸಿದರೆ ಹತ್ತಿರ ಹತ್ತಿರ 8. ತಳಿಯ ದೃಷ್ಟಿಯಿಂದ ಈ ಹಿಂಡಿನ ತೂಕ ಎಂಟು ಪ್ರಾಣಿಗಳದ್ದು, ಅಷ್ಟೇ.

ಈ ಲೆಕ್ಕದ ಸ್ವಾರಸ್ಯ ಮುಂದೆ ಇದೆ. ಸಾಲ ಮಾಡಿ ಇನ್ನೂ ನೂರು ಕುರಿ ತಂದು ಅದೇ ಎರಡು ಟಗರಿಗೆ ಬಿಟ್ಟಿರಿ ಎನ್ನಿ. ಆಗಲೂ ಉತ್ತರ 8ರ ಗಡಿ ದಾಟುವುದಿಲ್ಲ. ಇನ್ನೂರು ಕುರಿಯಾದರೂ ಎಂಟರೊಳಗೇ ನಿಂತಿತು! ಅದರ ಬದಲು ಮೊದಲಿನ ನೂರು ಕುರಿಗೆ ಒಂದೇ ಒಂದು ಟಗರು ಸೇರಿಸಿ, ಮೂರಾಗಲಿ. ಉತ್ತರ 12ರ ಸಮೀಪಕ್ಕೆ ಏರುತ್ತದೆ. ಐದು ಟಗರಾದರೆ 19. ಆ ಟಗರುಗಳು ಅಣ್ಣತಮ್ಮಂದಿರಾಗಿರಬಾರದು ಎಂಬುದೊಂದೇ ಷರತ್ತು. ಎಂಟಕ್ಕೆ ಇಳಿದ ಹಿಂಡನ್ನು ಹೊರಗಿನ ರಕ್ತ ಸೇರಿಸದೆ ಹಾಗೇ ಬಿಟ್ಟರೆ, ಪ್ರತಿ ತಲೆಮಾರಿಗೆ ಸುಮಾರು ಶೇ 6ರಷ್ಟು ವೈವಿಧ್ಯ ಸೋರಿ ಹೋಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇಡೀ ತಳಿಗೆ ಈ ಲೆಕ್ಕ 50ಕ್ಕಿಂತ ಕೆಳಗಿಳಿಯಬಾರದು ಎನ್ನುತ್ತದೆ. ಆಗ ನಷ್ಟ ತಲೆಮಾರಿಗೆ ಶೇ 1ರ ಒಳಗೆ ನಿಲ್ಲುತ್ತದೆ.

ಹಾಗಾದರೆ ನಮ್ಮ ಕುರಿಗಳು ಇಷ್ಟು ದಿನ ಹೇಗೆ ಉಳಿದವು? ಕುರಿಗಾರರು ರೈಟ್ ಅವರ ಲೇಖನ ಓದಿದವರಲ್ಲ. ಸುಗ್ಗಿ ಮುಗಿದ ಮೇಲೆ ಹಿಂಡುಗಳು ಗಂಗಾವತಿ, ಸಿರುಗುಪ್ಪದ ನೀರಾವರಿ ಸೀಮೆಗೆ ಇಳಿಯುತ್ತವೆ. ಹೊಲದಲ್ಲಿ ಕುರಿ ತರುಬುತ್ತಾರೆ, ನಾಲ್ಕಾರು ಊರಿನ ಹಿಂಡುಗಳು ಒಂದೇ ಬಯಲಲ್ಲಿ ಮೇಯುತ್ತವೆ. ಟಗರು ಕೊಡುವುದು, ತರುವುದು, ಬದಲಾಯಿಸಿಕೊಳ್ಳುವುದು ಆ ತಿರುಗಾಟದಲ್ಲೇ ನಡೆಯುತ್ತದೆ. ಒಂದೊಂದು ಹಿಂಡು ಎಂಟರ ತೂಕದ್ದಾದರೂ, ಹೀಗೆ ಟಗರು ಓಡಾಡುವುದರಿಂದ ನೂರಾರು ಹಿಂಡುಗಳು ಒಂದೇ ದೊಡ್ಡ ಹಿಂಡಿನ ಹಾಗೆ ಬಾಳುತ್ತವೆ. ವಲಸೆ ನಿಂತು, ಹಿಂಡು ಶೆಡ್ಡಿಗೆ ಸೇರಿದರೆ ಮೇವಿನ ಖರ್ಚು ಎಷ್ಟು ಏರುತ್ತದೆಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಟಗರಿನ ಓಡಾಟ ನಿಂತದ್ದು ಯಾವ ಯೋಜನಾ ವರದಿಯಲ್ಲೂ ಕಾಣುವುದಿಲ್ಲ.

ಬಳ್ಳಾರಿ ಕುರಿ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದಲ್ಲಿ ನೋಂದಣಿಯಾದ ತಳಿ. ಹಾಸನ, ಮಂಡ್ಯ, ಕೆಂಗುರಿ ತಳಿಗಳೂ ಆ ಪಟ್ಟಿಯಲ್ಲಿವೆ. ಬಳ್ಳಾರಿ ಕುರಿಯ ಉಣ್ಣೆ ಒರಟು, ಕಂಬಳಿಗೆ ಹೇಳಿ ಮಾಡಿಸಿದ್ದು. ಕಂಬಳಿಗೆ ಗಿರಾಕಿ ಕಡಿಮೆಯಾಗಿ ಉಣ್ಣೆಗೆ ಬೆಲೆ ಬಿದ್ದ ಮೇಲೆ, ದಖ್ಖನ್ ಸೀಮೆಯುದ್ದಕ್ಕೂ ಕುರಿಗಾರರು ಉದ್ದ ಕಾಲಿನ, ಮೈತೂಕದ, ಕೂದಲ ತಳಿಯ ಟಗರುಗಳ ಕಡೆ ತಿರುಗಿದರು. ಅವರನ್ನು ದೂರಿ ಫಲವಿಲ್ಲ. ಮಾಂಸಕ್ಕೆ ಬೆಲೆ, ಉಣ್ಣೆಗೆ ಕತ್ತರಿಸಿದ ಕೂಲಿಯೂ ಹುಟ್ಟದು ಎಂದಾದರೆ ಯಾರಾದರೂ ಅದನ್ನೇ ಮಾಡುತ್ತಾರೆ. ಹೀಗಾದಾಗ ಕುರಿಯ ಸಂಖ್ಯೆ ಒಂದೂ ಕಡಿಮೆಯಾಗುವುದಿಲ್ಲ, ಗಣತಿ ಹೆಚ್ಚಳವನ್ನೇ ತೋರಿಸಬಹುದು. ಒಳಗಿನ ಬಳ್ಳಾರಿ ಕುರಿ ಮಾತ್ರ ಕರಗುತ್ತಿರುತ್ತದೆ.

ಕರಗಿದರೆ ಏನು ಹೋದೀತು ಎಂದು ಮೊದಲೇ ಹೇಳಲು ಆಗುವುದಿಲ್ಲ. ಬಂಗಾಳದ ಸುಂದರಬನದ ಕಡೆ ಗರೋಲ್ ಎಂಬ ಕುಳ್ಳ ಕುರಿ ಇದೆ. ನೋಡಿದರೆ ಯಾರೂ ಕೊಳ್ಳುವಂಥದ್ದಲ್ಲ. ಆದರೆ ಅದು ಅವಳಿ, ತ್ರಿವಳಿ ಹಾಕುತ್ತದೆ. 1790ರ ದಶಕದಲ್ಲಿ ಬಂಗಾಳದ ಕುರಿಗಳು ಹಡಗೇರಿ ಆಸ್ಟ್ರೇಲಿಯಾಕ್ಕೆ ಹೋದವು. ಅಲ್ಲಿನ ಬೂರೂಲಾ ಎಂಬ ಮೆರಿನೋ ಹಿಂಡಿನಲ್ಲಿ ಹೆಚ್ಚು ಮರಿ ಹಾಕುವ ಗುಣ ಕಾಣಿಸಿಕೊಂಡಿತು. ಆ ಗುಣಕ್ಕೆ ಒಂದೇ ಜೀನಿನ ಒಂದು ಬದಲಾವಣೆ ಕಾರಣ ಎಂದು 2001ರಲ್ಲಿ ಪತ್ತೆಯಾಯಿತು. ಅದೇ ಬದಲಾವಣೆ ನಮ್ಮ ಗರೋಲ್‌ನಲ್ಲೂ ಇತ್ತು. ಮಹಾರಾಷ್ಟ್ರದ ಫಲಟಣದಲ್ಲಿರುವ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಗರೋಲ್ ಕುರಿಯನ್ನು ದಖನಿ ಮತ್ತು ನಮ್ಮ ಬನ್ನೂರು ಕುರಿಗಳೊಂದಿಗೆ ಕೂಡಿಸಿ ‘ನಾರಿ ಸುವರ್ಣ’ ಎಂಬ ಅವಳಿ ಹಾಕುವ ತಳಿ ತಂದರು. ಕುರುಚಲು ಮೇವಿನ ನಮ್ಮ ಗುಡ್ಡಗಳಲ್ಲಿ ಅವಳಿ ಮರಿಗೆ ತಾಯಿಯ ಹಾಲು ಸಾಲುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಅದನ್ನು ಕುರಿಗಾರರೇ ತೀರ್ಮಾನಿಸಬೇಕು. ಎರಡು ಶತಮಾನ ಯಾರ ಲೆಕ್ಕಕ್ಕೂ ಬಾರದ ಕುಳ್ಳ ಕುರಿಯೊಂದನ್ನು ಸುಂದರಬನದವರು ಸಾಕಿಕೊಂಡು ಬಂದದ್ದರಿಂದ ಈ ಆಯ್ಕೆ ಉಳಿಯಿತು.

ದನದ ವಿಷಯದಲ್ಲಿ ಟಗರಿನ ಲೆಕ್ಕ ಇನ್ನೂ ಕಠೋರ. ಕೃತಕ ಗರ್ಭಧಾರಣೆ ಬಂದ ಮೇಲೆ ಒಂದು ಹೋರಿ ತಾನು ಕಾಣದ ದೇಶದಲ್ಲೂ ತಂದೆಯಾಗಬಲ್ಲದು. ಈ ಊರಿನಲ್ಲೇ ಬೆಳಗ್ಗೆ ಡೇರಿಗೆ ಹಾಲು ಹಾಕುವವರಲ್ಲಿ ಎಷ್ಟೋ ಜನರ ಕೊಟ್ಟಿಗೆಯಲ್ಲಿ ಎಚ್‌ಎಫ್ ಮಿಶ್ರತಳಿ ಇದೆ. ಆ ಹೋಲ್‌ಸ್ಟೀನ್ ತಳಿಯಲ್ಲಿ 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಪಾನಿ ಫಾರ್ಮ್ ಅರ್ಲಿಂಡಾ ಚೀಫ್’ ಎಂಬ ಹೋರಿಗೆ ಹದಿನಾರು ಸಾವಿರ ಹೆಣ್ಣು ಸಂತಾನ. ಮಗಳಂದಿರೆಲ್ಲ ಹಾಲಿನ ಹೊಳೆ. ಚೀಫನ ಒಂದು ಜೀನಿನಲ್ಲಿ ಸಣ್ಣ ದೋಷವಿತ್ತು. ಒಂದೇ ಕಡೆಯಿಂದ ಬಂದರೆ ಏನೂ ಆಗುವುದಿಲ್ಲ, ತಂದೆ ತಾಯಿ ಎರಡೂ ಕಡೆಯಿಂದ ಬಂದರೆ ಕರು ಹೊಟ್ಟೆಯಲ್ಲೇ ಸಾಯುತ್ತದೆ. ಮೊಮ್ಮಕ್ಕಳು ಮರಿಮಕ್ಕಳು ತಮ್ಮತಮ್ಮೊಳಗೇ ಕೂಡತೊಡಗಿದಾಗ ದೋಷ ಎರಡೂ ಕಡೆಯಿಂದ ಬರತೊಡಗಿತು. ಜಗತ್ತಿನಾದ್ಯಂತ ಸುಮಾರು 5 ಲಕ್ಷ ಕರುಗಳು ಹೀಗೆ ಹೋದವು, ನಷ್ಟ 42 ಕೋಟಿ ಡಾಲರ್ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಹತ್ತಿರದ ಸಂಬಂಧ ಬೇಡ ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ಇದಕ್ಕಿಂತ ದುಬಾರಿ ಸಾಕ್ಷಿ ಬೇಕಿಲ್ಲ.

ಪ್ರಾಣಿಗಳಲ್ಲಿ ಗಂಡು ಹೆಣ್ಣು ಕೂಡಲೇಬೇಕಾದ್ದರಿಂದ ಪ್ರತಿ ಮರಿಯೂ ಸ್ವಲ್ಪವಾದರೂ ಬೇರೆ. ಗಿಡಗಳಲ್ಲಿ ಆ ಸ್ವಲ್ಪವನ್ನೂ ತೆಗೆದುಹಾಕುವ ದಾರಿ ಮನುಷ್ಯನಿಗೆ ಗೊತ್ತು: ಗೂಟಿ ಕಟ್ಟುವುದು, ಕಡ್ಡಿ ನೆಡುವುದು. ನಮ್ಮ ತಾಲ್ಲೂಕು, ಕೂಡ್ಲಿಗಿ, ಹಡಗಲಿ, ಆಚೆ ಕೊಪ್ಪಳದ ದಾಳಿಂಬೆ ತೋಟಗಳ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. 2000ದ ನಂತರದ ವರ್ಷಗಳಲ್ಲಿ ದುಂಡಾಣು ಅಂಗಮಾರಿ ಹೇಗೆ ಬಂತು ಎಂಬುದನ್ನು ಕಂಡವರು ಇಲ್ಲೇ ಇದ್ದೀರಿ. ಮೊದಲು ಎಲೆಯ ಮೇಲೆ ನೀರಾಡಿದಂಥ ಚುಕ್ಕೆ. ಆಮೇಲೆ ಕಾಯಿಯ ಮೇಲೆ ಕರಿ ಕಲೆ, ಕಲೆಯ ನಡುವೆ ಸೀಳು. ಪೇಟೆಗೆ ಹೋಗಬೇಕಾದ ಕಾಯಿ ಗಿಡದ ಬುಡದಲ್ಲಿ ರಾಶಿ ಬೀಳುತ್ತಿತ್ತು. ಬೋರ್ಡೋ ದ್ರಾವಣ, ಸ್ಟ್ರೆಪ್ಟೊಸೈಕ್ಲಿನ್ ಹೊಡೆದು ಹೊಡೆದು ಸೋತವರು ಕೊನೆಗೆ ಜೆಸಿಬಿ ತಂದು ತೋಟ ಕಿತ್ತರು.

ರೋಗ ಹರಡಲು ರೋಗವಿದ್ದ ಸಸಿಯ ಸಾಗಾಟ ಕಾರಣ, ಮಳೆಗಾಲಕ್ಕೆ ಹಿಡಿದ ಮೃಗ ಬಹಾರ್ ಕಾರಣ, ಸೋಂಕಿದ ಕತ್ತರಿಯೂ ಕಾರಣ. ಇವನ್ನೆಲ್ಲ ತೋಟಗಾರಿಕೆ ಇಲಾಖೆಯವರು ಹೇಳಿದ್ದಾರೆ. ನಾನು ಸೇರಿಸಬೇಕಾದದ್ದು ಗಿಡದ ಒಳಗಿನ ಮಾತು. ಪುಣೆಯ ಗಣೇಶಖಿಂಡದಲ್ಲಿ ಡಾ. ಚೀಮಾ 1936ರಲ್ಲಿ ಆಳಂದಿ ದಾಳಿಂಬೆಯ ಸಸಿಗಳಿಂದ ಒಂದು ಗಿಡ ಆರಿಸಿದರು. ಮುಂದೆ ಅದಕ್ಕೆ ‘ಗಣೇಶ್’ ಎಂದು ಹೆಸರಾಯಿತು. ಮೃದು ಬೀಜದ ಆ ಗಣೇಶ್‌ಗೆ ಗುಲ್-ಎ-ಶಾ ರೆಡ್ ಎಂಬ ಕೆಂಪು ತಳಿಯನ್ನು ಕೂಡಿಸಿ ಬಂದ ಸಂತಾನದಿಂದ ಮೃದುಲಾ, ಆರಕ್ತ, ಭಗವಾ ಬಂದವು. ಅಂದರೆ ಗಣೇಶ್ ತೋಟ ಕಿತ್ತು ಭಗವಾ ಹಾಕಿದವನು ಹಳೆಯ ಮನೆತನಕ್ಕೇ ಮತ್ತೆ ಬೀಗನಾದ. ಅದಕ್ಕೂ ಮೇಲೆ, ಗೂಟಿಯಿಂದ ಬಂದ ಭಗವಾ ಗಿಡಗಳು ಅಣ್ಣತಮ್ಮಂದಿರೂ ಅಲ್ಲ, ಒಂದೇ ಗಿಡದ ತುಂಡುಗಳು. ಸಾವಿರ ಗಿಡವಿರುವ ತೋಟದಲ್ಲಿ ತಳಿಯ ಲೆಕ್ಕ ಒಂದು. ಆ ಒಂದು ಗಿಡದ ಬೀಗವನ್ನು ತೆಗೆಯಲು ಕಲಿತ ದುಂಡಾಣು ಸಾವಿರ ಗಿಡದ ಬಾಗಿಲನ್ನೂ ತೆಗೆಯುತ್ತದೆ. 2005ರಲ್ಲಿ ಸೊಲ್ಲಾಪುರದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಶುರುವಾಯಿತು. ರೋಗ ತಡೆಯುವ ಗುಣವನ್ನು ತಳಿತಜ್ಞರು ಹುಡುಕಿದ ಜಾಗಗಳಲ್ಲಿ ಒಂದು ಹಿಮಾಲಯದ ‘ದಾರು’. ಅದು ಹುಳಿ ಕಾಡು ದಾಳಿಂಬೆ, ಅಲ್ಲಿನ ಹೆಂಗಸರು ಕಾಳು ಒಣಗಿಸಿ ಅನಾರ್‌ದಾನಾ ಮಾಡುವ ಹಣ್ಣು. ತಿನ್ನಲು ಬಾರದ ಹಣ್ಣಿನ ಕಾಡು ಯಾಕೆ ಬೇಕು ಎಂದು ಕೇಳುವವರಿಗೆ ಇದನ್ನು ಹೇಳಿ.

ಹಡಗಲಿ ಮಲ್ಲಿಗೆಯೂ ಕಡ್ಡಿಯಿಂದ ಬರುವ ಬೆಳೆ. ಭೌಗೋಳಿಕ ಸೂಚಕ ಸಿಕ್ಕಿದ್ದು ಊರಿನ ಹೆಸರನ್ನು ಕಾಯುತ್ತದೆ, ಗಿಡವನ್ನು ಕಾಯುವುದಿಲ್ಲ. ಹಳೆಯ ತೋಟಗಳಲ್ಲಿ ಉಳಿದಿರುವ ಬೇರೆ ಬೇರೆ ಬುಡಗಳನ್ನು ಒಂದು ಕಡೆ ನೆಟ್ಟಿಡುವುದು ಈಗಲೇ ಆಗಬೇಕಾದ ಕೆಲಸ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ.

ಸಜ್ಜೆಗೆ ಬರೋಣ. ಕೊಟ್ಟೂರು, ಕೂಡ್ಲಿಗಿಯ ಮಸಾರಿ ಹೊಲಗಳಿಗೆ ಇದರಷ್ಟು ಒಗ್ಗಿದ ಬೆಳೆ ಕಡಿಮೆ. 1965ರಲ್ಲಿ ದೇಶದ ಮೊದಲ ಹೈಬ್ರಿಡ್ ಸಜ್ಜೆ ಎಚ್‌ಬಿ-1 ಬಂತು, ಹಿಂದೆಯೇ ಎಚ್‌ಬಿ-3. ಇಳುವರಿ ನೋಡಿ ರೈತರು ಮುಗಿಬಿದ್ದರು. ಆ ಹೈಬ್ರಿಡ್‌ಗಳ ತಾಯಿ ಒಂದೇ, ಅಮೆರಿಕದಿಂದ ಬಂದ ಟಿಫ್ಟ್ 23ಎ. 1970ರ ದಶಕದ ಮೊದಲರ್ಧದಲ್ಲಿ ಕೇದಿಗೆ ರೋಗ ಎದ್ದಿತು. ತೆನೆಯಲ್ಲಿ ಕಾಳು ಬರುವ ಕಡೆ ಹಸಿರು ಎಲೆಯ ಕುಚ್ಚು ಬರುತ್ತದಲ್ಲ, ಅದು. ದೇಶದ ಸಜ್ಜೆ ಸೀಮೆಗಳಲ್ಲಿ ಈ ಹೈಬ್ರಿಡ್‌ಗಳು ನೆಲಕಚ್ಚಿದವು. ರೋಗ ತಡೆಯುವ ಗುಣ ಸಿಕ್ಕಿದ್ದು ಹೆಚ್ಚಾಗಿ ಪಶ್ಚಿಮ ಆಫ್ರಿಕಾದ ನೈಜೀರಿಯಾ, ಮಾಲಿ ಕಡೆಯ ನಾಟಿ ಸಜ್ಜೆಗಳಲ್ಲಿ. ಸಜ್ಜೆಯ ತವರು ಆಫ್ರಿಕಾ, ತವರಿನಲ್ಲಿ ಬಗೆ ಹೆಚ್ಚು ಉಳಿದಿತ್ತು. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಬೀಜ ಭಂಡಾರದಲ್ಲಿ ಅವು ಸಂಗ್ರಹವಾಗಿದ್ದರಿಂದ ತಳಿಗಾರರ ಕೈಗೆ ಬಂದವು. ಡಿಎನ್‌ಎ ಗುರುತುಗಳನ್ನು ಹಿಡಿದು ರೋಗನಿರೋಧಕ ಗುಣವನ್ನು ದಾಟಿಸಿದ ಎಚ್‌ಎಚ್‌ಬಿ 67 ಸುಧಾರಿತ ಎಂಬ ಹೈಬ್ರಿಡ್ 2005ರಲ್ಲಿ ಹರಿಯಾಣದಲ್ಲಿ ಬಿಡುಗಡೆಯಾಯಿತು.

ಮನೆಯಲ್ಲಿ ಬೀಜ ಇಡುವ ತಾಯಂದಿರಿಗೆ ಇಲ್ಲಿ ಒಂದು ಮಾತು. ನವಣೆ ತನ್ನ ಹೂವಿನ ಪರಾಗದಿಂದ ತಾನೇ ಕಾಳು ಕಟ್ಟುವ ಬೆಳೆ, ಒಳ್ಳೆಯ ಕೆಲವು ತೆನೆ ಆರಿಸಿದರೆ ತಳಿ ಶುದ್ಧವಾಗಿಯೇ ಇರುತ್ತದೆ. ಸಜ್ಜೆ ಹಾಗಲ್ಲ, ಗಾಳಿಗೆ ಪಕ್ಕದ ಗಿಡದ ಪರಾಗ ಬರಬೇಕು. ಕಣ್ಣಿಗೆ ಚೆಂದ ಕಂಡ ನಾಲ್ಕೇ ದಪ್ಪ ತೆನೆಯಿಂದ ಬೀಜ ಹಿಡಿದರೆ ಎರಡು ಟಗರಿನ ಹಿಂಡಿಗೆ ಆದದ್ದೇ ಆಗುತ್ತದೆ. ಹೊಲದ ನಾನಾ ಕಡೆಯಿಂದ, ಹತ್ತಾರು ಸಾಲುಗಳಿಂದ, ನೂರರಷ್ಟು ತೆನೆ ಕೊಯ್ದು, ಪ್ರತಿಯೊಂದರಿಂದ ಸ್ವಲ್ಪ ಸ್ವಲ್ಪ ಉದುರಿಸಿ ಬೂದಿ ಬೆರೆಸಿ ಇಡಿ.

ದೂರದ ಬಗೆಗಳನ್ನು ಕೂಡಿಸಿ ಗೆದ್ದ ದೊಡ್ಡ ಉದಾಹರಣೆ ನಮ್ಮ ರಾಜ್ಯದ್ದೇ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತಂದರು. ಅತಿ ಸಣ್ಣ ಹೂವಿನ ಬೆಳೆಯಲ್ಲಿ ಕೈಯಿಂದ ಪರಾಗಸ್ಪರ್ಶ ಮಾಡಿಸುವುದು ಎಷ್ಟು ತಾಳ್ಮೆಯ ಕೆಲಸ ಎಂದು ಸಸ್ಯಶಾಸ್ತ್ರ ಓದಿದವರಿಗೆ ಗೊತ್ತು. ಅವರ ಹೆಸರು ನಮ್ಮ ಶಾಲೆಯ ಪಠ್ಯದಲ್ಲಿ ಹುಲಿ ಸಂರಕ್ಷಕರಷ್ಟು ದೊಡ್ಡದಾಗಿ ಕಾಣಬೇಕಿತ್ತು.

ಈಗ ಕಾಡಿನ, ಬಯಲಿನ ಜೀವಿಗಳು. ಇವುಗಳ ಡಿಎನ್‌ಎ ತೆಗೆಯಲು ಹಿಡಿಯಬೇಕಿಲ್ಲ, ಕೊಲ್ಲಬೇಕಿಲ್ಲ. ಉದುರಿದ ಗರಿ, ಲದ್ದಿಗೆ ಅಂಟಿದ ಕರುಳಿನ ಕೋಶ, ಬೇಲಿಗೆ ಸಿಕ್ಕ ಕೂದಲು ಸಾಕು. ಸಿರುಗುಪ್ಪದ ಎರೆಹೊಲಗಳ ದೊರವಾಯನ ಹಕ್ಕಿಯನ್ನು, ಕೆಲವರು ಎರೆಭೂತ ಎನ್ನುವ ಆ ದೊಡ್ಡ ಹಕ್ಕಿಯನ್ನು, ಹೀಗೆ ನೋಡಿದರು. ಫರಾ ಇಷ್ತಿಯಾಕ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ರಾಜ್ಯಗಳ 63 ಮಾದರಿಗಳಿದ್ದವು. ತಾಯಿಯ ಕಡೆಯಿಂದ ಬರುವ ಡಿಎನ್‌ಎಯಲ್ಲಿ ಕಂಡದ್ದು ಮೂರೇ ಮೂರು ಬಗೆ. ದೇಶದ ಬಯಲುಗಳಲ್ಲಿ ಉಳಿದಿರುವುದೇ ನೂರೈವತ್ತರ ಆಸುಪಾಸು, ವರ್ಷಕ್ಕೆ ಇಡುವುದು ಸಾಮಾನ್ಯವಾಗಿ ಒಂದು ಮೊಟ್ಟೆ. ಸಿರುಗುಪ್ಪದಲ್ಲಿ ಬೆರಳೆಣಿಕೆ. ಅಷ್ಟು ಕಡಿಮೆ ಹಕ್ಕಿಗಳನ್ನು ಬೇಲಿ ಹಾಕಿ ಕಾದರೂ ಸಂತಾನ ಎದ್ದೀತೆ? ಅಮೆರಿಕದ ಇಲಿನಾಯ್ ಹುಲ್ಲುಗಾವಲಿನ ಪ್ರೇರಿ ಕೋಳಿಗಳು 1962ರಲ್ಲಿ 2,000 ಇದ್ದದ್ದು 1994ಕ್ಕೆ 50ಕ್ಕೂ ಕೆಳಗಿಳಿದವು. ಹುಲ್ಲುಗಾವಲು ಬೆಳೆಸಿದರೂ ಮೊಟ್ಟೆಗಳು ಒಡೆಯುತ್ತಿರಲಿಲ್ಲ. 1992ರಿಂದ ಕ್ಯಾನ್ಸಸ್, ನೆಬ್ರಾಸ್ಕ, ಮಿನೆಸೋಟಗಳ ಹಕ್ಕಿಗಳನ್ನು ತಂದು ಬಿಟ್ಟ ಮೇಲೆ ಮರಿ ಏಳತೊಡಗಿದವು. ಹೊರಗಿನ ಟಗರು ತಂದ ಹಾಗೆಯೇ. ದೊರವಾಯನ ಹಕ್ಕಿಗೆ ತರಲು ದೇಶದ ಹೊರಗೆ ಹೆಚ್ಚು ಹಕ್ಕಿಗಳಿಲ್ಲ, ಹಾಗಾಗಿ ಜೈಸಲ್ಮೇರಿನ ತಳಿವೃದ್ಧಿ ಕೇಂದ್ರದಲ್ಲಿ ಯಾವ ಗಂಡಿಗೆ ಯಾವ ಹೆಣ್ಣು ಎಂಬ ಆಯ್ಕೆಯೇ ಅದರ ಭವಿಷ್ಯ. ಅಲ್ಲಿ 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿತು.

ತೋಳನ ಪಾಡು ತಿರುಗುಮುರುಗು. ಭಾರತದ ಬಯಲು ತೋಳ ಜಗತ್ತಿನ ತೋಳಗಳಲ್ಲೇ ಬಹು ಹಳೆಯ ಕವಲು ಎಂದು ಡಿಎನ್‌ಎ ಅಧ್ಯಯನಗಳು ಹೇಳುತ್ತವೆ. ಅದಕ್ಕೆ ಒಳಸಂಬಂಧಕ್ಕಿಂತ ಹೊರಸಂಬಂಧದ ಭಯ. ಪುಣೆಯ ಹತ್ತಿರ ಸಿಕ್ಕ ಬಣ್ಣಗೆಟ್ಟ ತೋಳಗಳ ಡಿಎನ್‌ಎ ನೋಡಿದಾಗ ನಾಯಿಯ ಬೆರಕೆ ಇರುವುದು 2023ರಲ್ಲಿ ಖಚಿತವಾಯಿತು. ಬೆಂಗಳೂರಿನ ಏಟ್ರೀ ಮತ್ತು ಎನ್‌ಸಿಬಿಎಸ್ ಸಂಸ್ಥೆಗಳವರು ಆ ಕೆಲಸದಲ್ಲಿದ್ದರು. ನಮ್ಮ ಪಕ್ಕದ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 2025ರಲ್ಲಿ ತೋಳಧಾಮವಾಗಿದೆ, ಸಂತೋಷ. ಆದರೆ ಧಾಮದ ಸುತ್ತಲ ಊರುಗಳಲ್ಲಿ ಕೋಳಿ ತ್ಯಾಜ್ಯ ಸುರಿದು ಬೀದಿನಾಯಿ ಬೆಳೆಸುತ್ತಾ ಹೋದರೆ, ಮುಂದೊಂದು ದಿನ ಅಲ್ಲಿ ತೋಳದಂತೆ ಕಾಣುವ ಪ್ರಾಣಿಗಳ ಎಣಿಕೆ ಮಾತ್ರ ಚೆನ್ನಾಗಿರುತ್ತದೆ.

ಇಷ್ಟೆಲ್ಲಕ್ಕೂ ಕಾನೂನಿನಲ್ಲಿ ಒಂದು ಜಾಗ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ವರ್ಷಗಳ ಕಾಲ ಯಾರೂ ಮುಟ್ಟಲಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ದಂಡ ಎಂದಾಗ ದೇಶದ ತುಂಬ ದಾಖಲೆಗಳು ದಿಢೀರ್ ಸಿದ್ಧವಾದವು. ಅವಸರದ ಅಡುಗೆ ಹೇಗಿರುತ್ತದೋ ಹಾಗಿವೆ: ಬೇವು, ಹೊಂಗೆ, ಹಸು, ಕುರಿ ಎಂದು ಹೆಸರಿನ ಸಾಲು. ನನ್ನ ಸಲಹೆ ಇಷ್ಟು. ತಂಬ್ರಹಳ್ಳಿಯ ದಾಖಲೆಯಲ್ಲಿ ‘ಕುರಿ’ ಎಂದು ಒಂದು ಸಾಲು ಬರೆಯುವ ಕಡೆ ಹಿಂಡು ಹಿಂಡಿಗೆ ಒಂದು ಪುಟ ಇಡಿ. ಬೀಜದ ಟಗರು ಎಷ್ಟು, ಯಾವ ಊರಿನಿಂದ ಬಂತು, ಯಾವ ವರ್ಷ ಬಂತು, ಅದರ ತಂದೆ ಯಾರ ಹಿಂಡಿನದು, ಅದನ್ನು ಯಾರಿಗೆ ಕೊಟ್ಟಿರಿ. ಸಜ್ಜೆ, ನವಣೆ, ಜೋಳಕ್ಕೆ ಬೀಜ ಯಾರ ಮನೆಯಿಂದ ಬಂತು ಎಂದು ಬರೆಯಿರಿ. ಮನೆಯ ಹಿರಿಯ ಹೆಂಗಸರನ್ನು ಕೇಳಿದರೆ ಇದು ಒಂದು ಮಧ್ಯಾಹ್ನದ ಕೆಲಸ, ಗುತ್ತಿಗೆ ಕೊಟ್ಟರೆ ಎಂದೂ ಆಗದ ಕೆಲಸ. ಅಂಥ ಪುಸ್ತಕವೊಂದು ಇದ್ದರೆ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ರಕ್ತದ ಮಾದರಿ ತೆಗೆಯಲು ಬಂದಾಗ ಯಾವ ಹತ್ತು ಹಿಂಡಿನಿಂದ ತೆಗೆಯಬೇಕು ಎಂದು ನೀವೇ ಹೇಳಬಲ್ಲಿರಿ. ಈಗ ಅವರು ರಸ್ತೆ ಬದಿಯಲ್ಲಿ ಸಿಕ್ಕ ಹಿಂಡಿನಿಂದ ತೆಗೆದುಕೊಂಡು ಹೋಗುತ್ತಾರೆ.

ಊಟಕ್ಕೆ ಮೊದಲು ಇನ್ನರ್ಧ ಗಂಟೆ ಇದೆ ಎಂದು ವ್ಯವಸ್ಥಾಪಕರು ಸನ್ನೆ ಮಾಡುತ್ತಿದ್ದಾರೆ. ಸಭೆಯಲ್ಲಿ ಕುರಿ ಇಟ್ಟವರು ಯಾರಾದರೂ ಇದ್ದರೆ ಮೊದಲು ಅವರು ಕೇಳಲಿ, ಅಧ್ಯಾಪಕರ ಪ್ರಶ್ನೆಗಳನ್ನು ಆಮೇಲೆ ತೆಗೆದುಕೊಳ್ಳುತ್ತೇನೆ.